ಆನ್‌ಲೈನ್ ಮಾರುಕಟ್ಟೆಯ ಶುಲ್ಕ ಮತ್ತು ಅಭಿಪ್ರಾಯ ನಿಯಮಗಳ ಬದಲಾವಣೆ: ಮಾರಾಟಗಾರರ ಅನುಭವದಿಂದ ಕಲಿಯಬೇಕಾದ ಪಾಠ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

ಪೀಠಿಕೆ

ಸಂವಿಧಾನದ ಹನ್ನೊಂದನೇ ಅನುಸೂಚಿಯು ಪಂಚಾಯಿತಿಗಳಿಗೆ ಸೂಚಿಸಿರುವ 29 ವಿಷಯಗಳಲ್ಲಿ ಆಹಾರ ಸಂಸ್ಕರಣೆಯೂ ಸೇರಿದಂತೆ ಸಣ್ಣ ಕೈಗಾರಿಕೆಗಳು, ಖಾದಿ ಮತ್ತು ಗ್ರಾಮೋದ್ಯೋಗ, ಮಾರುಕಟ್ಟೆ ಮತ್ತು ಜಾತ್ರೆಗಳು ಸೇರಿವೆ. ಈಚಿನ ವರ್ಷಗಳಲ್ಲಿ ಸ್ವಸಹಾಯ ಗುಂಪುಗಳ ಹಪ್ಪಳ, ಉಪ್ಪಿನಕಾಯಿ, ರೊಟ್ಟಿ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ ಮುಂತಾದ ಸರಕುಗಳು ಮೊಬೈಲ್ ಮೂಲಕ ದೂರದ ಗ್ರಾಹಕರನ್ನೂ ತಲುಪುತ್ತಿವೆ. ಆನ್‌ಲೈನ್ ಮಾರುಕಟ್ಟೆಗೆ ಸೇರುವುದು ಹೇಗೆ ಎಂಬ ತರಬೇತಿ ಹಲವೆಡೆ ದೊರೆಯುತ್ತದೆ. ಆದರೆ ಸೇರಿದ ಮೇಲೆ ಆ ಮಾರುಕಟ್ಟೆಯು ತನ್ನ ಶುಲ್ಕವನ್ನೋ ನಿಯಮವನ್ನೋ ಬದಲಿಸಿದರೆ ಮಾಡಬೇಕಾದದ್ದೇನು ಎಂಬ ವಿಷಯ ಚರ್ಚೆಗೆ ಬರುವುದು ಕಡಿಮೆ. ಬೇರೆ ದೇಶಗಳ ಸಣ್ಣ ಮಾರಾಟಗಾರರು ಈ ಪ್ರಶ್ನೆಯನ್ನು ಈಗಾಗಲೇ ಎದುರಿಸಿದ್ದಾರೆ. ಅವರ ಅನುಭವವನ್ನು ಪರಿಶೀಲಿಸಿ, ಅದರಿಂದ ಗ್ರಾಮ ಮಟ್ಟದಲ್ಲಿ ಪಡೆಯಬಹುದಾದ ತಿಳಿವಳಿಕೆಯನ್ನು ನೀಡುವುದು ಈ ಲೇಖನದ ಉದ್ದೇಶ.

1. ಸಂತೆಗೂ ಆನ್‌ಲೈನ್ ಮಾರುಕಟ್ಟೆಗೂ ಇರುವ ವ್ಯತ್ಯಾಸ

ವಾರದ ಸಂತೆಯ ಸುಂಕವನ್ನು ಏರಿಸಿದಾಗ ಆಗುವುದೇನು ಎಂಬುದು ಸದಸ್ಯರಿಗೆ ತಿಳಿದ ವಿಚಾರ. ಕೆಲವು ವ್ಯಾಪಾರಿಗಳು ಗೊಣಗುತ್ತಲೇ ಸುಂಕ ಕೊಡುತ್ತಾರೆ. ಕೆಲವರು ಸಂತೆಮಾಳ ಬಿಟ್ಟು ರಸ್ತೆಬದಿಯಲ್ಲಿ ಕುಳಿತುಕೊಳ್ಳುತ್ತಾರೆ. ಕೆಲವರು ಪಕ್ಕದ ಊರಿನ ಸಂತೆಗೆ ಹೋಗುತ್ತಾರೆ. ಇನ್ನು ಕೆಲವರು ಒಟ್ಟಾಗಿ ಪಂಚಾಯಿತಿ ಕಚೇರಿಗೆ ಬಂದು ಅಧ್ಯಕ್ಷರ ಮುಂದೆ ಅಹವಾಲು ಸಲ್ಲಿಸುತ್ತಾರೆ.

ಆನ್‌ಲೈನ್ ಮಾರುಕಟ್ಟೆಯಲ್ಲಿಯೂ ಈ ನಾಲ್ಕು ಬಗೆಯ ಪ್ರತಿಕ್ರಿಯೆಗಳೇ ಕಂಡುಬರುತ್ತವೆ. ಆದರೆ ಅಲ್ಲಿ ಎರಡು ಮುಖ್ಯ ವ್ಯತ್ಯಾಸಗಳಿವೆ. ಮೊದಲನೆಯದಾಗಿ, ಅಲ್ಲಿ ಅಹವಾಲು ಕೇಳುವ ಗ್ರಾಮಸಭೆಯಿಲ್ಲ. ಶುಲ್ಕ ನಿಗದಿಪಡಿಸುವವರು ಮಾರಾಟಗಾರರಿಂದ ಚುನಾಯಿತರಾದವರಲ್ಲ. ಎರಡನೆಯದಾಗಿ, ಸಂತೆಯನ್ನು ಬಿಟ್ಟ ವ್ಯಾಪಾರಿಯ ಹಿಂದೆ ಆತನ ಗಿರಾಕಿಗಳೂ ಹೋಗಬಹುದು. ಆನ್‌ಲೈನ್ ಮಾರುಕಟ್ಟೆಯನ್ನು ಬಿಟ್ಟವರು ಅಲ್ಲಿ ವರ್ಷಗಟ್ಟಲೆ ಗಳಿಸಿದ ಗ್ರಾಹಕರ ಅಭಿಪ್ರಾಯ ಹಾಗೂ ನಕ್ಷತ್ರಗಳ ಶ್ರೇಯಾಂಕವನ್ನು ಅಲ್ಲಿಯೇ ಬಿಟ್ಟುಹೋಗಬೇಕಾಗುತ್ತದೆ. ಶುಲ್ಕದ ನಿಯಮ ಮತ್ತು ಅಭಿಪ್ರಾಯದ ನಿಯಮಗಳನ್ನು ಒಟ್ಟಿಗೆ ಅಧ್ಯಯನ ಮಾಡಬೇಕಾದ ಕಾರಣ ಇದೇ.

2. 2008ರ ಇಬೇ ಪ್ರಸಂಗ

ಅಮೆರಿಕದ ಇಬೇ ಸಂಸ್ಥೆಯು 1995ರಲ್ಲಿ ಆರಂಭವಾಯಿತು. ಮನೆಯಲ್ಲಿದ್ದ ಹಳೆಯ ವಸ್ತುಗಳಿಂದ ಹಿಡಿದು ಸಂಗ್ರಹಯೋಗ್ಯ ವಸ್ತುಗಳವರೆಗೆ ಎಲ್ಲವನ್ನೂ ಹರಾಜಿನ ಮೂಲಕ ಮಾರುವ ಲಕ್ಷಾಂತರ ಸಣ್ಣ ಮಾರಾಟಗಾರರಿಂದಲೇ ಅದು ಬೆಳೆಯಿತು. 2008ರ ಜನವರಿಯಲ್ಲಿ ಸಂಸ್ಥೆಯು ಎರಡು ಬದಲಾವಣೆಗಳನ್ನು ಒಟ್ಟಿಗೆ ಪ್ರಕಟಿಸಿತು.

ಮೊದಲನೆಯದು ಶುಲ್ಕಕ್ಕೆ ಸಂಬಂಧಿಸಿದ್ದು. ಸರಕನ್ನು ಪಟ್ಟಿಗೆ ಸೇರಿಸುವಾಗ ಕೊಡಬೇಕಾದ ಶುಲ್ಕವನ್ನು ಇಳಿಸಲಾಯಿತು. ಸರಕು ಮಾರಾಟವಾದ ನಂತರ ಕೊಡಬೇಕಾದ ಶುಲ್ಕವನ್ನು ಏರಿಸಲಾಯಿತು. ಹರಾಜಿನಲ್ಲಿ ಮಾರಾಟವಾದ ವಸ್ತುವಿನ ಬೆಲೆಯ ಮೊದಲ 25 ಡಾಲರ್‌ಗಳ ಮೇಲಿನ ಶುಲ್ಕವು ಶೇ. 5.25ರಿಂದ ಶೇ. 8.75ಕ್ಕೆ ಏರಿತು. ಅಂದರೆ 20 ಡಾಲರ್‌ಗೆ ಮಾರಾಟವಾದ ವಸ್ತುವಿನ ಮೇಲೆ 1 ಡಾಲರ್ 5 ಸೆಂಟ್ ಇದ್ದ ಶುಲ್ಕ 1 ಡಾಲರ್ 75 ಸೆಂಟ್ ಆಯಿತು. ಸಂಸ್ಥೆಯು ಇದನ್ನು ಶುಲ್ಕ ಇಳಿಕೆಯೆಂದು ವರ್ಣಿಸಿತು. ಸರಕು ಮಾರಾಟವಾಗದೆ ಉಳಿಯುತ್ತಿದ್ದವರಿಗೆ ಅದು ಇಳಿಕೆಯೇ ಆಗಿತ್ತು. ಕಡಿಮೆ ಬೆಲೆಯ ವಸ್ತುಗಳನ್ನು ಚೆನ್ನಾಗಿ ಮಾರುತ್ತಿದ್ದ ಸಣ್ಣ ಮಾರಾಟಗಾರರಿಗೆ ಏರಿಕೆಯಾಯಿತು. ಒಂದೇ ಆದೇಶ ಒಬ್ಬರಿಗೆ ಲಾಭವಾಗಿ ಮತ್ತೊಬ್ಬರಿಗೆ ನಷ್ಟವಾಗುವುದು ಹೀಗೆ.

ಎರಡನೆಯದು ಅಭಿಪ್ರಾಯಕ್ಕೆ ಸಂಬಂಧಿಸಿದ್ದು. ಅಲ್ಲಿಯವರೆಗೆ ಗ್ರಾಹಕರು ಮಾರಾಟಗಾರರ ಬಗ್ಗೆ, ಮಾರಾಟಗಾರರು ಗ್ರಾಹಕರ ಬಗ್ಗೆ ಪರಸ್ಪರ ಅಭಿಪ್ರಾಯ ದಾಖಲಿಸಬಹುದಿತ್ತು. 2008ರ ಮೇ ತಿಂಗಳಿನಿಂದ ಮಾರಾಟಗಾರರು ಗ್ರಾಹಕರ ಬಗ್ಗೆ ಪ್ರತಿಕೂಲ ಅಭಿಪ್ರಾಯ ಬರೆಯುವಂತಿಲ್ಲ ಎಂಬ ನಿಯಮ ಬಂತು. ಇದಲ್ಲದೆ, ಉತ್ತಮ ಶ್ರೇಯಾಂಕ ಪಡೆದ ದೊಡ್ಡ ಮಾರಾಟಗಾರರಿಗೆ ಶುಲ್ಕದಲ್ಲಿ ರಿಯಾಯಿತಿಯನ್ನೂ ಘೋಷಿಸಲಾಯಿತು. ಗ್ರಾಹಕರ ಅಭಿಪ್ರಾಯವು ಅಂದಿನಿಂದ ಕೇವಲ ಮರ್ಯಾದೆಯ ಪ್ರಶ್ನೆಯಾಗಿ ಉಳಿಯದೆ ಹಣದ ಪ್ರಶ್ನೆಯೂ ಆಯಿತು.

ಇದನ್ನು ಪ್ರತಿಭಟಿಸಿ ಅನೇಕ ಮಾರಾಟಗಾರರು 2008ರ ಫೆಬ್ರುವರಿ 18ರಿಂದ 25ರವರೆಗೆ ಇಬೇಯಲ್ಲಿ ಸರಕು ಇಡದೆ ಬಹಿಷ್ಕಾರ ನಡೆಸಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆದರೆ ಎರಡೂ ನಿಯಮಗಳು ಜಾರಿಗೆ ಬಂದವು.

3. ಅಭಿಪ್ರಾಯ ನಿಯಮದ ಎರಡು ಮುಖಗಳು

ಮಾರಾಟಗಾರರ ಆತಂಕಕ್ಕೆ ಆಧಾರವಿತ್ತು. ಹರಾಜಿನಲ್ಲಿ ಕೂಗಿ ಹಣ ಕೊಡದವರು, ಸರಕು ತಲುಪಿದರೂ ತಲುಪಿಲ್ಲವೆನ್ನುವವರು, ಕೆಟ್ಟ ಅಭಿಪ್ರಾಯ ಬರೆಯುವೆನೆಂದು ಹೆದರಿಸಿ ರಿಯಾಯಿತಿ ಕೇಳುವವರು ಇದ್ದೇ ಇರುತ್ತಾರೆ. ಅಂಥವರ ಬಗ್ಗೆ ಇತರ ಮಾರಾಟಗಾರರನ್ನು ಎಚ್ಚರಿಸುವ ದಾರಿ ಮುಚ್ಚಿದಂತಾಯಿತು.

ಆದರೆ ಹಳೆಯ ಪದ್ಧತಿಯಲ್ಲಿಯೂ ದೋಷವಿತ್ತು. ಮೋಸಹೋದ ಗ್ರಾಹಕರು ಸತ್ಯ ಬರೆದರೆ ಮಾರಾಟಗಾರರು ಸೇಡಿಗಾಗಿ ಅವರ ಬಗ್ಗೆಯೂ ಕೆಟ್ಟದ್ದನ್ನು ಬರೆಯುತ್ತಿದ್ದರು. ಆ ಭಯದಿಂದ ಅನೇಕರು ಸುಮ್ಮನಾಗುತ್ತಿದ್ದರು. ಇಬೇ ಮಾರಾಟಗಾರರ ಮಾಹಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅರ್ಥಶಾಸ್ತ್ರ ಅಧ್ಯಯನವೊಂದು, ನಿಯಮ ಬದಲಾದ ಮೇಲೆ ಗ್ರಾಹಕರ ತೃಪ್ತಿ ಹೆಚ್ಚಿತೆಂದೂ, ಮಾರಾಟಗಾರರು ಮಾರುಕಟ್ಟೆ ತೊರೆಯುವ ಪ್ರಮಾಣ ಹೆಚ್ಚಲಿಲ್ಲವೆಂದೂ ಕಂಡುಕೊಂಡಿತು. ಅಂದರೆ ಉಳಿದ ಮಾರಾಟಗಾರರೇ ಹೆಚ್ಚು ಎಚ್ಚರದಿಂದ ವ್ಯವಹರಿಸತೊಡಗಿದರು. ಎಲ್ಲ ಹೊಸ ನಿಯಮಗಳೂ ಅನ್ಯಾಯವಲ್ಲ. ಯಾವುದು ತಿದ್ದಿಕೊಳ್ಳಬೇಕಾದದ್ದು, ಯಾವುದು ಪ್ರಶ್ನಿಸಬೇಕಾದದ್ದು ಎಂಬ ವಿವೇಚನೆ ಅಗತ್ಯ.

4. ಮಾರಾಟಗಾರರು ಕಂಡುಕೊಂಡ ಉಪಾಯಗಳು

ಬಹಿಷ್ಕಾರ ಮುಗಿದ ಮೇಲೆ ಹೆಚ್ಚಿನವರು ಹಿಂದಿರುಗಿದರು. ಕೆಲವರು ಬೆಲೆ ಏರಿಸಿದರು. ಕೆಲವರು ಬೇರೆ ಮಾರುಕಟ್ಟೆಗಳಲ್ಲಿಯೂ ಅಂಗಡಿ ತೆರೆದರು. ಶುಲ್ಕವನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರ ವಿಧಿಸುತ್ತಿದ್ದುದರಿಂದ, ಬೆಲೆಯನ್ನು ಇಳಿಸಿ ಸಾಗಣೆ ವೆಚ್ಚವನ್ನು ಏರಿಸಿ ತೋರಿಸುವ ಉಪಾಯವೂ ಬಳಕೆಯಲ್ಲಿತ್ತು. 2011ರಲ್ಲಿ ಇಬೇ ಸಂಸ್ಥೆಯು ಸಾಗಣೆ ವೆಚ್ಚವನ್ನೂ ಸೇರಿಸಿ ಶುಲ್ಕ ವಿಧಿಸಲಾರಂಭಿಸಿತು. ನಿಯಮದ ಸಂದಿಯಲ್ಲಿ ನುಸುಳುವ ಉಪಾಯ ಬಹುಕಾಲ ಬಾಳುವುದಿಲ್ಲ. ಸಂದಿ ಮುಚ್ಚಿದಾಗ ಪ್ರಾಮಾಣಿಕವಾಗಿ ವೆಚ್ಚ ತೋರಿಸಿದವರೂ ಅದರ ಹೊರೆ ಹೊರಬೇಕಾಗುತ್ತದೆ.

5. ಸೋತ ಮತ್ತು ಗೆದ್ದ ಹೋರಾಟಗಳು

ಕೈಕಸುಬಿನ ವಸ್ತುಗಳಿಗೆ ಹೆಸರಾದ ಎಟ್ಸಿ ಎಂಬ ಮಾರುಕಟ್ಟೆಯು 2018ರಲ್ಲಿ ವಹಿವಾಟು ಶುಲ್ಕವನ್ನು ಶೇ. 3.5ರಿಂದ ಶೇ. 5ಕ್ಕೆ, 2022ರ ಏಪ್ರಿಲ್ 11ರಿಂದ ಶೇ. 6.5ಕ್ಕೆ ಏರಿಸಿತು. ಸಾವಿರಾರು ಮಾರಾಟಗಾರರು ಒಂದು ವಾರ ತಮ್ಮ ಆನ್‌ಲೈನ್ ಅಂಗಡಿಗಳನ್ನು ಮುಚ್ಚಿದರು. ಶುಲ್ಕ ಇಳಿಯಲಿಲ್ಲ. ಆದರೆ ಆ ಮುಷ್ಕರದಿಂದ ಸ್ವತಂತ್ರ ಮಾರಾಟಗಾರರ ಸಂಘವೊಂದು ಹುಟ್ಟಿಕೊಂಡಿತು.

ಇದಕ್ಕೆ ವ್ಯತಿರಿಕ್ತವಾದದ್ದು 2018ರ ನವೆಂಬರ್‌ನ ಘಟನೆ. ಅಮೆಜಾನ್ ಒಡೆತನದ, ಹಳೆಯ ಪುಸ್ತಕಗಳ ಮಾರುಕಟ್ಟೆಯಾದ ಏಬ್‌ಬುಕ್ಸ್, ಜೆಕ್ ಗಣರಾಜ್ಯ, ಹಂಗೇರಿ, ದಕ್ಷಿಣ ಕೊರಿಯಾ ಹಾಗೂ ರಷ್ಯಾದ ಮಾರಾಟಗಾರರನ್ನು ಕೈಬಿಡುವುದಾಗಿ ತಿಳಿಸಿತು. ಕೂಡಲೇ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಸುಮಾರು 600 ಪುಸ್ತಕ ವ್ಯಾಪಾರಿಗಳು ತಮ್ಮ ಲಕ್ಷಾಂತರ ಪುಸ್ತಕಗಳನ್ನು ಮಾರಾಟ ಪಟ್ಟಿಯಿಂದ ಹಿಂತೆಗೆದರು. ಕೆಲವೇ ದಿನಗಳಲ್ಲಿ ಸಂಸ್ಥೆಯು ಕ್ಷಮೆ ಕೋರಿ ತನ್ನ ನಿರ್ಧಾರದಿಂದ ಹಿಂದೆ ಸರಿಯಿತು.

ಇಬೇ ಮತ್ತು ಎಟ್ಸಿಯಲ್ಲಿ ಫಲ ನೀಡದ ಕ್ರಮವು ಇಲ್ಲಿ ಫಲ ನೀಡಿದ್ದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಒಂದು, ಪುರಾತನ ಪುಸ್ತಕ ವ್ಯಾಪಾರಿಗಳಿಗೆ ದಶಕಗಳಿಂದ ಅಂತರರಾಷ್ಟ್ರೀಯ ಒಕ್ಕೂಟವಿತ್ತು; ಸಂಕಟ ಬಂದ ಮೇಲೆ ಒಬ್ಬರನ್ನೊಬ್ಬರು ಹುಡುಕಬೇಕಾಗಿರಲಿಲ್ಲ. ಎರಡು, ಅವರ ಸರಕಿಗೆ ಬದಲಿ ಇರಲಿಲ್ಲ. ಅಪರೂಪದ ಪುಸ್ತಕವನ್ನು ಒಬ್ಬರು ಹಿಂತೆಗೆದರೆ ಅದೇ ಪುಸ್ತಕವನ್ನು ಮತ್ತೊಬ್ಬರು ಇಡುವುದು ಸುಲಭವಲ್ಲ. ಮೂರು, ಅನೇಕರಿಗೆ ಸ್ವಂತ ಅಂಗಡಿ, ಪುಸ್ತಕ ಮೇಳ, ಪರಿಚಿತ ಗ್ರಾಹಕರಂಥ ಬೇರೆ ದಾರಿಗಳಿದ್ದವು. ಕೆಲವು ದಿನ ಮಾರಾಟ ನಿಲ್ಲಿಸಿದರೂ ಒಲೆ ಆರುತ್ತಿರಲಿಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಂಸ್ಥೆಯೊಂದರಿಂದ ಅಸಮಾಧಾನಗೊಂಡವರ ಮುಂದೆ ಹೊರನಡೆಯುವುದು ಮತ್ತು ದನಿಯೆತ್ತುವುದು ಎಂಬ ಎರಡು ದಾರಿಗಳಿವೆ ಎಂದು ವಿವರಿಸಿದ್ದಾರೆ. ಹೊರನಡೆಯಲು ಶಕ್ತರಾದವರ ದನಿಗೆ ಮಾತ್ರ ಹೆಚ್ಚು ಬೆಲೆ ಎಂಬುದು ಈ ಮೂರು ಪ್ರಸಂಗಗಳಿಂದ ವ್ಯಕ್ತವಾಗುತ್ತದೆ.

6. ಒಂದು ಲೆಕ್ಕ

ಶುಲ್ಕದಲ್ಲಿ ನೂರಕ್ಕೆ ಎರಡು ರೂಪಾಯಿ ಹೆಚ್ಚಾದರೆ ಸ್ವಸಹಾಯ ಗುಂಪಿನ ಮೇಲೆ ಆಗುವ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಮಾರಾಟ ಬೆಲೆ 400 ರೂ. ಇರುವ ಒಂದು ಪೊಟ್ಟಣಕ್ಕೆ ಕಚ್ಚಾ ಸಾಮಗ್ರಿ ಮತ್ತು ಕೂಲಿ 270 ರೂ., ಪ್ಯಾಕಿಂಗ್ 15 ರೂ., ಸಾಗಣೆ 50 ರೂ., ಶೇ. 10ರ ದರದಲ್ಲಿ ಕಮಿಷನ್ 40 ರೂ. ಎಂದಿಟ್ಟುಕೊಳ್ಳಬಹುದು. ಸಾಗಣೆ ಮತ್ತು ಕಮಿಷನ್ ಸೇರಿದ 90 ರೂ. ಮೇಲೆ ಶೇ. 18ರ ದರದಲ್ಲಿ ಜಿಎಸ್‌ಟಿ 16.20 ರೂ. ಆಗುತ್ತದೆ. ಉಳಿಯುವುದು 8.80 ರೂ.

ಕಮಿಷನ್ ಶೇ. 12 ಆದರೆ ಅದು 48 ರೂ., ಜಿಎಸ್‌ಟಿ 17.64 ರೂ. ಆಗುತ್ತದೆ. ಆಗ ಪ್ರತಿ ಪೊಟ್ಟಣಕ್ಕೆ 64 ಪೈಸೆ ನಷ್ಟ. ನೋಂದಣಿಯಿಲ್ಲದ ಮಾರಾಟಗಾರರು ಈ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಹಿಂಪಡೆಯಲೂ ಬರುವುದಿಲ್ಲ. ಇಲ್ಲಿ ಗ್ರಾಹಕರು ಹಿಂದಿರುಗಿಸಿದ ಸರಕಿನ ವೆಚ್ಚವನ್ನು ಸೇರಿಸಿಲ್ಲ. ಮಾರಾಟ ಹೆಚ್ಚಿದಷ್ಟೂ ನಷ್ಟ ಹೆಚ್ಚುವ ಈ ಸ್ಥಿತಿಯು ಲೆಕ್ಕ ಬರೆಯದ ಗುಂಪಿಗೆ ತಿಂಗಳುಗಳ ಕಾಲ ಗೋಚರಿಸದೆ ಇರಬಹುದು. ಏಕೆಂದರೆ ಬ್ಯಾಂಕ್ ಖಾತೆಗೆ ಹಣ ಬರುತ್ತಲೇ ಇರುತ್ತದೆ. ಅಷ್ಟರಲ್ಲಿ ಕರಗುವುದು ಸದಸ್ಯೆಯರ ಕೂಲಿ ಮತ್ತು ಉಳಿತಾಯ.

7. ಸದಸ್ಯರು ತಿಳಿದಿರಬೇಕಾದ ಕಾನೂನು ಅಂಶಗಳು

(ಅ) ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರು ಆ ಸಂಸ್ಥೆಯೊಂದಿಗೆ ಮುಂಚಿತವಾಗಿ ಲಿಖಿತ ಒಪ್ಪಂದ ಹೊಂದಿರಬೇಕು. ಶುಲ್ಕ ಬದಲಾವಣೆಯ ಸೂಚನೆ ಹೇಗೆ, ಎಷ್ಟು ದಿನ ಮುಂಚೆ ಬರುತ್ತದೆ ಎಂಬುದನ್ನು ಈ ಒಪ್ಪಂದದಲ್ಲಿಯೇ ನೋಡಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2020ರ ಜುಲೈನಿಂದ ಇಂಥ ಬದಲಾವಣೆಗೆ ಸಾಮಾನ್ಯವಾಗಿ ಕನಿಷ್ಠ 15 ದಿನಗಳ ಮುನ್ಸೂಚನೆಯನ್ನು ಕಾನೂನೇ ಕಡ್ಡಾಯಗೊಳಿಸಿದೆ.

(ಆ) ಅದೇ 2020ರ ನಿಯಮಗಳಂತೆ ಮಾರಾಟಗಾರರು ತಾವೇ ಗ್ರಾಹಕರೆಂದು ತೋರಿಸಿಕೊಂಡು ಅಭಿಪ್ರಾಯ ಬರೆಯುವಂತಿಲ್ಲ. ಗುಂಪಿನ ಸದಸ್ಯರು ತಮ್ಮ ಸರಕಿಗೆ ತಾವೇ ನಕ್ಷತ್ರಗಳನ್ನು ಕೊಟ್ಟುಕೊಳ್ಳುವುದು ನಿಯಮ ಉಲ್ಲಂಘನೆ. ಗ್ರಾಹಕರ ದೂರು ಬಂದರೆ 48 ಗಂಟೆಗಳಲ್ಲಿ ಸ್ವೀಕೃತಿ ನೀಡಿ, ಒಂದು ತಿಂಗಳಲ್ಲಿ ಪರಿಹರಿಸುವ ಹೊಣೆ ಮಾರಾಟಗಾರರ ಮೇಲೆಯೂ ಇದೆ.

(ಇ) 2023ರ ಅಕ್ಟೋಬರ್ 1ರಿಂದ, ವಾರ್ಷಿಕ ವಹಿವಾಟು ನೋಂದಣಿ ಮಿತಿಗಿಂತ ಕಡಿಮೆಯಿರುವವರು ಜಿಎಸ್‌ಟಿ ನೋಂದಣಿಯಿಲ್ಲದೆಯೇ ಆನ್‌ಲೈನ್ ಮಾರುಕಟ್ಟೆಯ ಮೂಲಕ ರಾಜ್ಯದೊಳಗೆ ಸರಕು ಮಾರಬಹುದು. ಇದಕ್ಕೆ ಪ್ಯಾನ್ ಹಾಗೂ ಜಿಎಸ್‌ಟಿ ಪೋರ್ಟಲ್‌ನಿಂದ ಪಡೆದ ದಾಖಲಾತಿ ಸಂಖ್ಯೆ ಬೇಕು. ಹೊರರಾಜ್ಯಕ್ಕೆ ಈ ರೀತಿ ಮಾರಲು ನೋಂದಣಿ ಅಗತ್ಯ.

8. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಆನ್‌ಲೈನ್ ಮಾರುಕಟ್ಟೆಯ ಶುಲ್ಕವನ್ನು ಇಳಿಸುವ ಅಧಿಕಾರ ಪಂಚಾಯಿತಿಗಿಲ್ಲ. ಆದರೆ ಬದಲಾವಣೆ ಬಂದಾಗ ಊರಿನ ಉತ್ಪಾದಕರು ಒಂಟಿಯಾಗಿ ನಿಲ್ಲದಂತೆ ನೋಡಿಕೊಳ್ಳಲು ಸಾಧ್ಯವಿದೆ.

• ಸಂಜೀವಿನಿ ಯೋಜನೆಯ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಸಭೆಯಲ್ಲಿ, ಆನ್‌ಲೈನ್ ಮಾರಾಟ ಮಾಡುವ ಗುಂಪುಗಳ ಪಟ್ಟಿ ಸಿದ್ಧಪಡಿಸಲು ಪ್ರೋತ್ಸಾಹಿಸುವುದು. ಒಬ್ಬರಿಗೆ ಬಂದ ಶುಲ್ಕ ಬದಲಾವಣೆಯ ಸೂಚನೆ ಎಲ್ಲರಿಗೂ ತಲುಪಬೇಕು.
• ಪ್ರತಿ ಸರಕಿಗೂ ಮೇಲಿನ ಮಾದರಿಯ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಬರೆಯುವಂತೆ ಮುಖ್ಯ ಪುಸ್ತಕ ಬರಹಗಾರರ ನೆರವು ಪಡೆಯುವುದು.
• ಒಪ್ಪಂದ, ಶುಲ್ಕಪಟ್ಟಿ ಹಾಗೂ ಸೂಚನೆಗಳ ಮುದ್ರಿತ ಪ್ರತಿಗಳನ್ನು ಗುಂಪಿನ ಕಡತದಲ್ಲಿ ಇರಿಸುವುದು. ಒಬ್ಬರ ಮೊಬೈಲ್‌ನಲ್ಲಿ ಮಾತ್ರ ಇರುವ ದಾಖಲೆ ಗುಂಪಿನ ದಾಖಲೆಯಾಗದು.
• ಸರಕು ಕಳುಹಿಸುವ ಮುನ್ನ ಅದರ ಛಾಯಾಚಿತ್ರ ತೆಗೆದಿರಿಸುವುದು. ಪ್ರತಿಕೂಲ ಅಭಿಪ್ರಾಯ ಬಂದಾಗ ಸೌಜನ್ಯದಿಂದ, ದಾಖಲೆಸಹಿತ ಉತ್ತರಿಸುವುದು.
• ಒಂದೇ ಮಾರುಕಟ್ಟೆಯನ್ನು ನಂಬದಿರುವುದು. ವಾರದ ಸಂತೆ, ಜಾತ್ರೆ, ಮೇಳಗಳು, ನೇರ ಗ್ರಾಹಕರು ಮತ್ತು ಹಲವು ಖರೀದಿ ಆ್ಯಪ್‌ಗಳನ್ನು ಜೋಡಿಸುವ ಓಎನ್‌ಡಿಸಿ ಜಾಲ, ಇವುಗಳಲ್ಲಿ ಕನಿಷ್ಠ ಎರಡು ದಾರಿಗಳನ್ನು ಸದಾ ತೆರೆದಿಡುವುದು. ಇದಕ್ಕೆ ಸಂತೆಮಾಳದಲ್ಲಿ ಗುಂಪುಗಳಿಗೆ ಸ್ಥಳಾವಕಾಶ ನೀಡುವುದು ಪಂಚಾಯಿತಿಯಿಂದಲೇ ಆಗಬಹುದಾದ ಕೆಲಸ.

ಉಪಸಂಹಾರ

ಒಕ್ಕೂಟ, ಲೆಕ್ಕ, ಮತ್ತೊಂದು ಮಾರಾಟದ ದಾರಿ, ಈ ಮೂರನ್ನೂ ಕಷ್ಟ ಬಂದ ದಿನ ಕಟ್ಟಲಾಗದು. ಶುಲ್ಕ ಕಡಿಮೆಯಿರುವ, ಮಾರಾಟ ಚೆನ್ನಾಗಿರುವ ದಿನಗಳೇ ಅದಕ್ಕೆ ಸಕಾಲ. ಸಂತೆಯ ಸುಂಕ ನಿಗದಿಪಡಿಸುವಾಗ ಸಣ್ಣ ವ್ಯಾಪಾರಿಗಳ ಮಾತನ್ನು ಮುಂಚಿತವಾಗಿ ಕೇಳುವ ಪಂಚಾಯಿತಿಯು ಈ ಪಾಠವನ್ನು ತನಗೂ ಅನ್ವಯಿಸಿಕೊಂಡಂತಾಗುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಪಂಚಾಯಿತಿ ವ್ಯಾಪ್ತಿಯಲ್ಲಿ ಎಷ್ಟು ಗುಂಪುಗಳು ಅಥವಾ ವ್ಯಕ್ತಿಗಳು ಆನ್‌ಲೈನ್ ಮೂಲಕ ಸರಕು ಮಾರುತ್ತಿದ್ದಾರೆ? ಅವರಲ್ಲಿ ಒಂದೇ ಮಾರುಕಟ್ಟೆಯನ್ನು ಅವಲಂಬಿಸಿದವರು ಎಷ್ಟು?
2. ಇಬೇ ಬಹಿಷ್ಕಾರಕ್ಕೂ ಏಬ್‌ಬುಕ್ಸ್ ಪ್ರಸಂಗಕ್ಕೂ ಇರುವ ಮುಖ್ಯ ವ್ಯತ್ಯಾಸವೇನು? ಸ್ಥಳೀಯ ಸರಕುಗಳಲ್ಲಿ ಸುಲಭವಾಗಿ ಬದಲಿ ಸಿಗದಂಥವು ಯಾವುವು?
3. ಆರನೆಯ ಭಾಗದ ಲೆಕ್ಕವನ್ನು ಸ್ಥಳೀಯ ಸರಕೊಂದಕ್ಕೆ ಅನ್ವಯಿಸಿದರೆ, ಕಮಿಷನ್ ಎಷ್ಟಕ್ಕೆ ಏರಿದಾಗ ಲಾಭ ಮುಗಿಯುತ್ತದೆ?
4. ಪಂಚಾಯಿತಿಯ ಸಂತೆ ಸುಂಕವನ್ನು ಕಳೆದ ಬಾರಿ ಪರಿಷ್ಕರಿಸಿದಾಗ ವ್ಯಾಪಾರಿಗಳ ಅಭಿಪ್ರಾಯವನ್ನು ಪಡೆಯಲಾಗಿತ್ತೇ?