ಎತ್ತರಿಸಿದ ಜಿಮ್ನಿಗೆ ಯಾವ ಆರ್ಮ್?

ಭಾನುವಾರ ನಾನು ಮಾಮು ಅವರ ಗ್ಯಾರೇಜಿನಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ತಿಂಗಳು ಒಂದು ಜಿಮ್ನಿ ಬಂತು. 2 ಇಂಚು ಎತ್ತರಿಸಿದ ಮೇಲೆ ಹೈವೇಯಲ್ಲಿ ಸ್ಟೀರಿಂಗ್ ಅಲೆದಾಡುತ್ತದೆ, ತಿರುವು ಮುಗಿದರೂ ತಾನಾಗಿ ನೇರವಾಗುವುದಿಲ್ಲ ಎಂಬುದು ಮಾಲೀಕರ ದೂರು.

ಜಿಮ್ನಿಯ ಮುಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು. ಅದನ್ನು ಹಿಂದಿನಿಂದ ಚಾಸಿಸ್‌ಗೆ ಹಿಡಿದಿರುವುದು ಎರಡು ಉದ್ದದ ಆರ್ಮ್‌ಗಳು. ಚಾಸಿಸ್ ಮೇಲೇರಿದರೆ ಆರ್ಮ್ ಓರೆಯಾಗಿ ಆಕ್ಸಲ್ ಸ್ವಲ್ಪ ಮುಂದಕ್ಕೆ ಉರುಳುತ್ತದೆ, ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಚಕ್ರವನ್ನು ನೇರಕ್ಕೆ ತರುವುದು ಆ ಕೋನವೇ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ಗಮನಿಸಿ.

ಪರಿಹಾರಕ್ಕೆ ಹಳೆಯ ಆರ್ಮಿಗೇ ರಂಧ್ರ ನಡುವಿನಿಂದ ಸರಿದ ಬುಶ್ ಹಾಕಬಹುದು, ಇಲ್ಲವೇ ಕೋನ ಸರಿಪಡಿಸಿದ ಹೊಸ ಆರ್ಮ್ ಕೊಳ್ಳಬಹುದು. ಬುಶ್ ಅಗ್ಗ, ಸಣ್ಣ ಎತ್ತರಕ್ಕೆ ಸಾಕು. ಹೊಸ ಆರ್ಮ್ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ವೆಲ್ಡಿಂಗ್ ನೋಡಬೇಕು, ಬುಶ್ ಯಾವುದೆಂದು ಕೇಳಬೇಕು. ಪಾಲಿಯೂರಿಥೇನ್ ಬುಶ್ ಬಿಗಿ. ಒಂದು ಚಕ್ರ ಬಂಡೆ ಏರಿದಾಗ ಆಕ್ಸಲ್ ಓರೆಯಾಗಲು ಅಷ್ಟು ಸುಲಭವಾಗಿ ಬಿಡುವುದಿಲ್ಲ. ರಬ್ಬರ್ ಬಾಗುತ್ತದೆ, ಕುಲುಕಾಟವನ್ನೂ ನುಂಗುತ್ತದೆ.

ಮಾಲೀಕರಿಗೆ ಹೊಳೆಯುವ ಹೊಸ ಆರ್ಮೇ ಬೇಕಿತ್ತು. ಮಾಮು ಮೊದಲು ಕೋನ ಅಳೆಸಿದರು, ಆಮೇಲೆ ಬುಶ್ ಮಾತ್ರ ಹಾಕಿದರು. ಲಾಭ ಕಮ್ಮಿಯಾಯಿತಲ್ಲ ಎಂದು ಗೊಣಗುತ್ತಲೇ ನಾನು ಬಿಲ್ ಬರೆದೆ. ಅವರು ಕೀ ಕೊಟ್ಟು, "ಹೈವೇಯಲ್ಲಿ ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ" ಎಂದರು. ಅರ್ಧ ಗಂಟೆಯಲ್ಲಿ ದುಡ್ಡು ಬಂತು.