ಪ್ರಾಸ್ಟೇಟ್ ಗ್ರಂಥಿಯ ರೋಗಗಳು ಮತ್ತು ಪುರುಷ ಹಾರ್ಮೋನು

ಐವತ್ತು ವರ್ಷ ದಾಟಿದ ಪುರುಷರಲ್ಲಿ ಅನೇಕರು ರಾತ್ರಿ ಹಲವು ಬಾರಿ ಮೂತ್ರಕ್ಕೆ ಏಳುತ್ತಾರೆ. ಮೂತ್ರದ ಧಾರೆ ಕ್ಷೀಣಿಸುತ್ತದೆ. ವಿರಾರಿನಿಂದ ಚರ್ಚ್‌ಗೇಟಿಗೆ ಶೌಚಾಲಯವಿಲ್ಲದ ಲೋಕಲ್ ರೈಲಿನಲ್ಲಿ ದಿನವೂ ಪಯಣಿಸುವ ಮುಂಬಯಿಯ ನೌಕರನಿಗೆ ಇದು ಸಣ್ಣ ತೊಂದರೆಯಲ್ಲ. ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ಕಾರಣ ಪ್ರಾಸ್ಟೇಟ್ ಗ್ರಂಥಿಯ ಸೌಮ್ಯ ಹಿಗ್ಗುವಿಕೆ. ('ಸೌಮ್ಯ'ವೆಂಬ ಹೆಸರನ್ನು ರೋಗಿಯು ಒಪ್ಪಲಾರನು.) ಕೆಲವರಲ್ಲಿ ಮಾತ್ರ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಇರುತ್ತದೆ. 1963ರಲ್ಲಿ ಮುಂಬಯಿಯಲ್ಲಿ ಆರಂಭವಾದ ದೇಶದ ಮೊದಲ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯಲ್ಲಿ ಇಂದು ಇದು ಪುರುಷರ ಪ್ರಮುಖ ಕ್ಯಾನ್ಸರುಗಳಲ್ಲೊಂದು.

ಈ ಗ್ರಂಥಿಯು ವೃಷಣಗಳಲ್ಲಿ ಉತ್ಪತ್ತಿಯಾಗುವ ಟೆಸ್ಟೋಸ್ಟೆರೋನ್ ಹಾರ್ಮೋನಿನ ಆಶ್ರಯದಲ್ಲಿ ಬೆಳೆಯುತ್ತದೆ. ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದ 1941ರಲ್ಲಿಯೇ, ದೂರದ ಶಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಅವರು, ವೃಷಣಗಳನ್ನು ತೆಗೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುವುದೆಂದು ತೋರಿಸಿದರು. ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹಾಗಾದರೆ ರಕ್ತದಲ್ಲಿ ಈ ಹಾರ್ಮೋನಿನ ಮಟ್ಟವನ್ನು ಅಳೆದು ಸೌಮ್ಯ ರೋಗವನ್ನೂ ಕ್ಯಾನ್ಸರನ್ನೂ ಬೇರ್ಪಡಿಸಬಹುದಲ್ಲವೇ? ಸಹಜವಾದ ಈ ಊಹೆ ನಿಜವಾಗಲಿಲ್ಲ. 2008ರಲ್ಲಿ 18 ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ರಕ್ತದಲ್ಲಿನ ಲೈಂಗಿಕ ಹಾರ್ಮೋನುಗಳ ಮಟ್ಟಕ್ಕೂ ಮುಂದೆ ಈ ಕ್ಯಾನ್ಸರ್ ಬರುವ ಸಂಭವಕ್ಕೂ ಸಂಬಂಧ ಕಂಡುಬರಲಿಲ್ಲ. ವಯಸ್ಸಾದಂತೆ ಟೆಸ್ಟೋಸ್ಟೆರೋನ್ ಇಳಿಯುತ್ತದೆ. ರೋಗಗಳೆರಡೂ ಆಗಲೇ ಹೆಚ್ಚುತ್ತವೆ. ಗ್ರಂಥಿಯು ತನ್ನೊಳಗಿನ ಒಂದು ಕಿಣ್ವದ ಸಹಾಯದಿಂದ ಟೆಸ್ಟೋಸ್ಟೆರೋನನ್ನು ಇನ್ನೂ ಪ್ರಬಲವಾದ ಡೈಹೈಡ್ರೋಟೆಸ್ಟೋಸ್ಟೆರೋನ್ ಆಗಿ ಪರಿವರ್ತಿಸಿಕೊಳ್ಳುತ್ತದೆ. ಅಂಗಾಂಶದೊಳಗಿನ ಈ ವ್ಯವಹಾರವು ರಕ್ತಪರೀಕ್ಷೆಯಲ್ಲಿ ಸರಿಯಾಗಿ ಕಾಣಿಸದು.

ಆದುದರಿಂದ ಹಾರ್ಮೋನು ಪರೀಕ್ಷೆಯ ಫಲಿತಾಂಶ ಸಹಜವಾಗಿದೆಯೆಂದು ನಿಶ್ಚಿಂತರಾಗುವುದು ಅಪಾಯಕರ. ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಪರೀಕ್ಷಿಸುವುದೂ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯೂ ಸಂದೇಹವನ್ನು ಸೂಚಿಸುತ್ತವೆ, ನಿರ್ಣಯ ಬಯಾಪ್ಸಿಯದು. ಸೌಮ್ಯ ಹಿಗ್ಗುವಿಕೆಯಲ್ಲಿಯೂ ಪಿ.ಎಸ್.ಎ. ಏರಬಹುದು. ಮೇಲೆ ಹೇಳಿದ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ಸೇವಿಸುವವರಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಿಳಿಸದಿದ್ದರೆ ಕ್ಯಾನ್ಸರ್ ಮರೆಯಾಗಿಯೇ ಉಳಿದೀತು.

ಟೆಸ್ಟೋಸ್ಟೆರೋನ್ ಪರೀಕ್ಷೆಯು ನಿಜವಾಗಿ ಉಪಯೋಗಕ್ಕೆ ಬರುವುದು ಹರಡಿದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ. ಒಂದೇ ಶಸ್ತ್ರಕ್ರಿಯೆಯಿಂದಾಗಲಿ, ನಿಯತಕಾಲಿಕ ಚುಚ್ಚುಮದ್ದಿನಿಂದಾಗಲಿ ಹಾರ್ಮೋನನ್ನು ತಗ್ಗಿಸಿದ ಬಳಿಕ, ಅದು ಸಾಕಷ್ಟು ಇಳಿದಿದೆಯೇ ಎಂಬುದನ್ನು ಈ ಪರೀಕ್ಷೆ ತಿಳಿಸುತ್ತದೆ. ಶಸ್ತ್ರಕ್ರಿಯೆಯ ವೆಚ್ಚ ಕಡಿಮೆ, ಪರಿಣಾಮ ಶಾಶ್ವತ, ಚುಚ್ಚುಮದ್ದು ದುಬಾರಿ. ಎರಡರಲ್ಲಿಯೂ ಲೈಂಗಿಕ ಆಸಕ್ತಿ ಕುಗ್ಗುವುದು, ಮೈ ಬಿಸಿಯೇರುವುದು, ಕಾಲಕ್ರಮದಲ್ಲಿ ಮೂಳೆಗಳು ಸವೆಯುವುದು ಉಂಟು. ಆಯ್ಕೆಗೆ ಮುನ್ನ ಪತ್ನಿಯೊಡನೆ ವೈದ್ಯರಲ್ಲಿಗೆ ಹೋಗಿ ಇವೆಲ್ಲವನ್ನೂ ಸಂಕೋಚವಿಲ್ಲದೆ ಕೇಳಿ ತಿಳಿಯಬೇಕು.