ಪ್ರೀತಿಯೋ, ಹಿಂಸೆಯೋ? ಮಕ್ಕಳಿಗೆ ತಿಳಿಹೇಳಿರಿ



ಹದಿಹರೆಯದಲ್ಲಿ ಹುಡುಗ ಹುಡುಗಿಯರಲ್ಲಿ ಪರಸ್ಪರ ಆಕರ್ಷಣೆಯುಂಟಾಗುವುದು ಸಹಜ. ಶಾಲೆಯ ಹಾದಿಯಲ್ಲಿ, ಜಾತ್ರೆಯಲ್ಲಿ, ಮೊಬೈಲಿನ ಮೂಲಕ ಸ್ನೇಹ ಬೆಳೆಯುತ್ತದೆ. ಅದು ದೋಷವಲ್ಲ. ಆದರೆ ಸ್ನೇಹದಲ್ಲಿ ಬೆದರಿಕೆ, ಬಲವಂತಗಳು ಸೇರಿದರೆ ಅದು ಹಿಂಸೆಯೇ ಸರಿ. ಹೊಡೆತವೊಂದೇ ಹಿಂಸೆಯಲ್ಲವೆಂಬುದನ್ನು ಮಕ್ಕಳಿಗೆ ಮುಂಚಿತವಾಗಿಯೇ ತಿಳಿಸಿರಿ.

ಗುರುತಿಸುವುದು ಹೇಗೆ?

1. ಯಾರೊಡನೆ ಮಾತನಾಡಬೇಕು, ಯಾವ ಉಡುಪು ಧರಿಸಬೇಕು ಎಂದು ಆಜ್ಞೆ ಮಾಡುವುದು.
2. ಮೊಬೈಲನ್ನು ಕಸಿದು ನೋಡುವುದು. ಒಲ್ಲೆನೆಂದರೂ ಹಿಂಬಾಲಿಸುವುದು, ಮುಟ್ಟುವುದು.
3. ಚಿತ್ರಗಳನ್ನು ಊರಿಗೆಲ್ಲ ತೋರಿಸುವೆನೆಂದು ಹೆದರಿಸುವುದು.
4. "ನನ್ನನ್ನು ಬಿಟ್ಟರೆ ಪ್ರಾಣ ಕಳೆದುಕೊಳ್ಳುವೆ" ಎಂದು ಕಟ್ಟಿಹಾಕುವುದು.
5. ಹೊಡೆದು, ಕ್ಷಮೆ ಬೇಡಿ, ಪುನಃ ಹೊಡೆಯುವುದು.

ಇಂತಹ ಸಂಶಯ, ಸಿಟ್ಟುಗಳನ್ನು ಎಳೆಯ ಮನಸ್ಸು ಪ್ರೀತಿಯ ಆಳವೆಂದು ಭ್ರಮಿಸುವುದುಂಟು. ಆ ಭ್ರಮೆಯನ್ನು ಬಿಡಿಸುವುದು ಹೆತ್ತವರ ಕರ್ತವ್ಯ.

ಮನೆಯೇ ಮೊದಲ ಪಾಠಶಾಲೆ

ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಂದೆಯು ತಾಯಿಯ ಮೇಲೆ ಕೈಮಾಡಿದರೆ, ಮಗನು ಅದನ್ನು ಗಂಡಸಿನ ಹಕ್ಕೆಂದೂ ಮಗಳು ಅದನ್ನು ಹೆಣ್ಣಿನ ಹಣೆಬರಹವೆಂದೂ ತಿಳಿಯುತ್ತಾರೆ. ಮಗಳಿಗೆ ಎಚ್ಚರಿಕೆ ಹೇಳಿದರೆ ಸಾಲದು. ಹುಡುಗಿಯು ಒಲ್ಲೆನೆಂದಾಗ ಹಿಂದೆ ಸರಿಯುವುದು ಸೋಲಲ್ಲ, ಮರ್ಯಾದೆ ಎಂಬುದನ್ನು ಮಗನಿಗೂ ಕಲಿಸಿರಿ.

ಮಗು ಹೇಳಿಕೊಂಡಾಗ

ತಾಳ್ಮೆಯಿಂದ ಕೇಳಿರಿ. ಬೈಯಬೇಡಿರಿ, ಶಾಲೆ ಬಿಡಿಸಬೇಡಿರಿ, ಅವಸರದಿಂದ ಮದುವೆ ಗೊತ್ತುಮಾಡಬೇಡಿರಿ. ಶಾಲೆ ಬಿಡಿಸುವರೆಂಬ ಅಂಜಿಕೆಯಿಂದಲೇ ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಬೆದರಿಸುವವನಿಗೆ ಆ ಮೌನವೇ ಬಲ. ಗಂಡುಮಗನೂ ಇಂತಹ ಪೀಡೆಗೆ ಗುರಿಯಾಗಬಹುದು. ಅವನನ್ನು ಹಾಸ್ಯ ಮಾಡಬೇಡಿರಿ.

ಬೆದರಿಕೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿರಿ, ಅವು ಸಾಕ್ಷ್ಯ. 2012ರ ಪೋಕ್ಸೋ ಕಾಯಿದೆಯು 18 ವರ್ಷದೊಳಗಿನ ಹುಡುಗ ಹುಡುಗಿಯರಿಬ್ಬರಿಗೂ ಲೈಂಗಿಕ ಅಪರಾಧಗಳಿಂದ ರಕ್ಷಣೆ ನೀಡುತ್ತದೆ. ಒಲ್ಲೆನೆಂದ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು 2013ರಿಂದ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಾಗಿದೆ. ಮಕ್ಕಳ ಸಹಾಯವಾಣಿ 1098ಕ್ಕೆ, ತುರ್ತು ಸಮಯದಲ್ಲಿ 112ಕ್ಕೆ ಕರೆ ಮಾಡಿರಿ. ಮಗುವಿಗೆ ಪೆಟ್ಟಾಗಿದ್ದರೆ ಅಥವಾ ಅದು ಊಟ, ನಿದ್ರೆ ಬಿಟ್ಟು ಕುಗ್ಗಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಇಂದು ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಒಂದು ಮಾತು ಹೇಳಿರಿ: "ಏನೇ ಆಗಲಿ, ಮೊದಲು ನಮಗೆ ಹೇಳು. ನಾವು ನಿನ್ನ ಕಡೆ ಇದ್ದೇವೆ." ಹೇಳಿದ ಮಾತಿನಂತೆ ನಡೆದುಕೊಳ್ಳಿರಿ.